ಮನೆಯ ಹಳೇ ಕತ್ತಿಯನ್ನು ಬಾಳೆ ಕಡಿದು ಪರೀಕ್ಷಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಮುತ್ತಾತನ ಕಾಲದ ಕತ್ತಿ ಇದೆ. ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತೇವೆ. ಟಿವಿಯಲ್ಲಿ ಹಳೇ ಆಯುಧಗಳನ್ನು ಹಂದಿಯ ದೇಹದ ಮೇಲೆ, ಜೆಲ್ಲಿ ಗೊಂಬೆಯ ಮೇಲೆ ಪ್ರಯೋಗಿಸಿ ಇದೇ ಎಲ್ಲಕ್ಕಿಂತ ಶ್ರೇಷ್ಠ ಅಂತ ತೀರ್ಪು ಕೊಡುತ್ತಾರೆ. ಅದನ್ನು ನಂಬಬಹುದಾ? ನಮ್ಮ ಕತ್ತಿಯನ್ನು ಬಾಳೆದಿಂಡಿನ ಮೇಲೆ ಪ್ರಯೋಗ ಮಾಡಿ ನೋಡಬಹುದಾ? ಇನ್ನೊಂದು ವಿಷಯ. ಓಬವ್ವನ ಒನಕೆ ಸೈನಿಕರ ಎದುರು ನಿಜಕ್ಕೂ ಕೆಲಸ ಮಾಡಿರಬಹುದಾ ಅಂತ ಹಾಸ್ಟೆಲ್ಲಿನಲ್ಲಿ ವಾದ ನಡೆಯಿತು. ನನಗೆ ಉತ್ತರ ಹೇಳಲು ಆಗಲಿಲ್ಲ.

ಉತ್ತರ: ಕತ್ತಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದರಿಂದ ಏನನ್ನೂ ಕಡಿಯಬೇಡಿ. ಬಾಳೆದಿಂಡನ್ನೂ ಬೇಡ. ವಿಜಯದಶಮಿ ದಿನ ಅಂಬು ಕಡಿಯುವ ಶಾಸ್ತ್ರಕ್ಕೆ ಅಂತ ಊರವರು ಕೇಳಿದರೂ ಕೊಡಬೇಡಿ.

ದೊಡ್ಡ ಅಪಾಯ ಇರುವುದು ಹಿಡಿಯಲ್ಲಿ. ನಮ್ಮ ದೇಶದ ಹಳೇ ತಲವಾರುಗಳಲ್ಲಿ ಅಲಗಿನ ಬಾಲ ಗಿಡ್ಡ. ಅದನ್ನು ಹಿಡಿಯೊಳಗೆ ತೂರಿಸಿ, ಬಿಸಿ ಅರಗು ತುಂಬಿ ಕೂರಿಸುತ್ತಿದ್ದರು. ಕಾಲ ಕಳೆದಂತೆ ಆ ಅರಗು ಒಣಗಿ ಪುಡಿಯಾಗುತ್ತದೆ. ನೋಡುವುದಕ್ಕೆ ಅಲಗು ಗಟ್ಟಿಯಾಗಿ ಕೂತಂತೆಯೇ ಕಾಣುತ್ತದೆ. ಜೋರಾಗಿ ಬೀಸಿದರೆ ಹಿಡಿ ಕೈಯಲ್ಲೇ ಉಳಿದು, ಅಲಗು ಹಾರಿಹೋಗಬಹುದು. ಸುತ್ತ ಮಕ್ಕಳು ನಿಂತಿರುವ ಹಬ್ಬದ ದಿನ ಇದು ನಡೆದರೆ ಏನು ಗತಿ?

ಲೋಹದ್ದೂ ಒಂದು ಸಮಸ್ಯೆ ಇದೆ. ನಮ್ಮ ದಕ್ಷಿಣದ ಉಕ್ಕು ಜಗತ್ತಿನಲ್ಲೇ ಹೆಸರು ಮಾಡಿತ್ತು. ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಹಾಕಿ, ಜೊತೆಗೆ ಕಟ್ಟಿಗೆ, ಎಲೆ ಸೇರಿಸಿ, ಬಾಯಿ ಮುಚ್ಚಿ ಕಾಯಿಸಿ ತೆಗೆಯುತ್ತಿದ್ದರು. ಅದರಲ್ಲಿ ಇಂಗಾಲ ಸುಮಾರು ಶೇ. 1ರಿಂದ 2ರವರೆಗೆ ಇರುತ್ತದೆ. ಅದಕ್ಕೇ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಒಳ್ಳೇ ಗಟ್ಟಿ. ಆದರೆ ರಂಜಕ (ಫಾಸ್ಫರಸ್) ಜಾಸ್ತಿ ಉಳಿದುಕೊಂಡ ಉಕ್ಕು ತಣ್ಣಗಿರುವಾಗ ಪಟ್ ಅಂತ ಮುರಿಯುತ್ತದೆ. ತುಕ್ಕಿನ ಕೆಳಗೆ ಕೂದಲೆಳೆಯಂಥ ಬಿರುಕು ಇದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ನಿಮ್ಮ ಕತ್ತಿ ಈ ಉಕ್ಕಿನದೋ, ಆಮೇಲಿನದೋ ಎಂಬುದು ಪ್ರಯೋಗಾಲಯದಲ್ಲಿ ನೋಡಿಯೇ ಹೇಳಬೇಕು. ಎರಡರಲ್ಲಿ ಯಾವುದಾದರೂ ಅದನ್ನು ಏಟಿಗೆ ಒಡ್ಡುವುದು ಬೇಡ.

ಇನ್ನೊಂದು ಕಾರಣ ನನಗೆ ಇವೆರಡಕ್ಕಿಂತ ಮುಖ್ಯ. ಅಲಗಿನ ಬಾಯಲ್ಲಿ ಸಣ್ಣ ಸಣ್ಣ ಕಚ್ಚುಗಳಿವೆಯಾ ನೋಡಿ. ಇದ್ದರೆ ಅವೇ ಆ ಕತ್ತಿಯ ಚರಿತ್ರೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಸೇರಿದ್ದ ಒಂದು ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೇ ಮಾದರಿ. ಅವರು ಕಂಚಿನ ಯುಗದ ಕತ್ತಿ, ಈಟಿ, ಗುರಾಣಿಗಳ ಪ್ರತಿಗಳನ್ನು ಹೊಸದಾಗಿ ಎರಕ ಹೊಯ್ಯಿಸಿದರು. ಒಂದೊಂದು ಬಗೆಯ ಏಟನ್ನೂ ಬೇರೆ ಬೇರೆಯಾಗಿ ಹೊಡೆದು, ಯಾವ ಏಟಿಗೆ ಎಂಥ ಗುರುತು ಬೀಳುತ್ತದೆ ಅಂತ ಬರೆದಿಟ್ಟರು. ಆಮೇಲೆ ಮ್ಯೂಸಿಯಮ್ಮುಗಳಲ್ಲಿದ್ದ 110 ಹಳೇ ಆಯುಧಗಳ ಮೇಲಿನ 2500ಕ್ಕೂ ಹೆಚ್ಚು ಗುರುತುಗಳ ಜೊತೆ ಅದನ್ನು ಹೋಲಿಸಿದರು. ಆ ಕಾಲದವರು ಸುಮ್ನೆ ಬಡಿದಾಡುತ್ತಿರಲಿಲ್ಲ, ಎದುರಾಳಿಯ ಅಲಗನ್ನು ತಮ್ಮ ಅಲಗಿನಿಂದ ತಡೆದು, ತಿರುಗಿಸಿ, ಹಿಡಿತಕ್ಕೆ ತಂದುಕೊಳ್ಳುವುದನ್ನು ಕಲಿತಿದ್ದರು ಎಂಬುದು ಹಾಗೆ ತಿಳಿಯಿತು. ಪ್ರಯೋಗ ನಡೆದದ್ದು ಪ್ರತಿಗಳ ಮೇಲೆ, ಓದಿದ್ದು ಮೂಲದ ಮೇಲಿನ ಗುರುತುಗಳನ್ನು. ನೀವು ಬಾಳೆ ಕಡಿಯಲು ಹೋಗಿ ಕೆಳಗಿನ ಕಲ್ಲಿಗೆ ಒಮ್ಮೆ ತಾಗಿಸಿದರೆ ಮುತ್ತಾತನ ಕಾಲದ ಗುರುತಿನ ಪಕ್ಕದಲ್ಲಿ ನಿಮ್ಮದೂ ಒಂದು ಸೇರುತ್ತದೆ. ಮುಂದೆ ನೋಡುವವರಿಗೆ ಯಾವುದು ಯಾರದು ಅಂತ ಗೊತ್ತಾಗುವುದಿಲ್ಲ.

ಇದೇ ನೆಪದಲ್ಲಿ ಒಂದು ಮಾತು. ಆಯುಧಪೂಜೆಗೆ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಉಪ್ಪು ಕಾಗದವಂತೂ ಬೇಡವೇ ಬೇಡ. ಅಲಗಿನ ಮೇಲ್ಮೈಯೇ ಸವೆದುಹೋಗುತ್ತದೆ. ಕುಂಕುಮ, ಹೂವು ಇಡುವುದಾದರೆ ಇಡಿ. ಸಂಜೆಯೇ ಒಣಬಟ್ಟೆಯಲ್ಲಿ ಒರೆಸಿ ಹೊಲಿಗೆ ಮಷೀನಿನ ಎಣ್ಣೆ ತೆಳುವಾಗಿ ಸವರಿ. ಒದ್ದೆ ಕುಂಕುಮ ರಾತ್ರಿಯೆಲ್ಲ ಅಲಗಿನ ಮೇಲಿದ್ದರೆ ಅಲ್ಲೇ ತುಕ್ಕು ಹಿಡಿಯುತ್ತದೆ.

ಈಗ ಟಿವಿಯ ಪ್ರಯೋಗಕ್ಕೆ ಬರೋಣ. ಅದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಲ್ಲಿ ಕೇಳಿದ ಪ್ರಶ್ನೆಯೇ ಅರ್ಧ. ಈ ಕತ್ತಿ ಎಷ್ಟು ಪರಿಣಾಮಕಾರಿ ಎಂಬ ಪ್ರಶ್ನೆಗೆ ಒಂಟಿಯಾಗಿ ಉತ್ತರವೇ ಇಲ್ಲ. ಯಾವ ಬಟ್ಟೆ ತೊಟ್ಟವನ ಮೇಲೆ, ಯಾರ ಕೈಯಲ್ಲಿ, ಎಂಥ ಜಾಗದಲ್ಲಿ ಎಂಬ ಮೂರನ್ನೂ ಸೇರಿಸಿ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಆ ಜೆಲ್ಲಿಯನ್ನೇ ನೋಡಿ. ಅದು ಜೆಲಾಟಿನ್. ಶೇ. 10ರಷ್ಟು ಪುಡಿಯನ್ನು ನೀರಿನಲ್ಲಿ ಕರಗಿಸಿ, 4 ಡಿಗ್ರಿಯಲ್ಲಿ ತಂಪಾಗಿಟ್ಟು ಬಳಸುವುದು ಒಂದು ರೂಢಿ. ಸರಿಯಾಗಿ ಹೆಪ್ಪುಗಟ್ಟಿದೆಯಾ ಅಂತ ನೋಡಲು ಮೊದಲು ಒಂದು ಸಣ್ಣ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದು ಸುಮಾರು 8.5 ಸೆಂ.ಮೀ. ಒಳಗೆ ಹೋಗಿ ನಿಂತರೆ ದಿಮ್ಮಿ ಸರಿ ಇದೆ ಅಂತ ಅರ್ಥ. ಇಷ್ಟು ಶಿಸ್ತು ಇದೆ, ನಿಜ. ಆದರೆ ಈ ಶಿಸ್ತು ಕಟ್ಟಿದ್ದು ಬಂದೂಕಿನ ಗುಂಡಿಗಾಗಿ. ಜೆಲಾಟಿನ್ನಿಗೆ ಚರ್ಮ ಇಲ್ಲ, ಮೂಳೆ ಇಲ್ಲ. ಇರಿತದಲ್ಲಿ ಮೂಳೆ ಬಿಟ್ಟರೆ ಅತಿ ಹೆಚ್ಚು ತಡೆಯೊಡ್ಡುವುದು ಚರ್ಮವೇ. ಅದು ಹರಿದ ಮೇಲೆ ಒಳಗೆ ಹೋಗುವುದಕ್ಕೆ ಹೆಚ್ಚು ಬಲ ಬೇಕಿಲ್ಲ. ಮೊನೆ ಎಷ್ಟು ಚೂಪು ಎಂಬುದೇ ಅಲ್ಲಿ ಮುಖ್ಯ. ಚರ್ಮವೇ ಇಲ್ಲದ ದಿಮ್ಮಿಗೆ ಬಾಕು ಚುಚ್ಚಿ ಎಷ್ಟು ಆಳ ಹೋಯಿತು ಅಂತ ಅಳೆದರೆ ಏನು ಹೇಳಿದಂತಾಯಿತು?

ಹಂದಿಯ ದೇಹ ಇದಕ್ಕಿಂತ ವಾಸಿ. ಚರ್ಮ, ಕೊಬ್ಬು, ಮೂಳೆ ಎಲ್ಲ ಇರುತ್ತದೆ. ಆದರೆ ಶೀತಲ ಪೆಟ್ಟಿಗೆಯಿಂದ ತಂದ ಮಾಂಸ ಬಿಗಿದಿರುತ್ತದೆ. ಕೊಕ್ಕೆಗೆ ನೇತುಹಾಕಿದ್ದು ಏಟಿನ ಜೊತೆ ಹಿಂದಕ್ಕೆ ತೂಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ, ಅದು ಬರಿಮೈ. ಯುದ್ಧಕ್ಕೆ ಹೆಚ್ಚಿನವರು ಪೂರ್ತಿ ಬರಿಮೈಯಲ್ಲಿ ಹೋಗುತ್ತಿರಲಿಲ್ಲ ಅಲ್ವಾ? ತಲೆಗೆ ಸುತ್ತಿದ ರುಮಾಲಾದರೂ ಇರುತ್ತಿತ್ತು. ಅನುಕೂಲ ಇದ್ದವರು ಹತ್ತಿ ತುಂಬಿ, ಪದರ ಪದರವಾಗಿ ಹೊಲಿದ ದಪ್ಪ ಅಂಗಿ ತೊಡುತ್ತಿದ್ದರು. ಭಾರತದ ಉದ್ದಗಲಕ್ಕೂ ಹತ್ತಿಯ ಕವಚ ಬಳಕೆಯಲ್ಲಿತ್ತು. ನಮ್ಮ ಬಿಸಿಲಿಗೆ ಕಬ್ಬಿಣದ ಅಂಗಿಗಿಂತ ಅದೇ ಹಿತ.

ಬಟ್ಟೆ ಏನು ಮಾಡುತ್ತದೆ ಎಂಬುದನ್ನು ನಿಮ್ಮ ತೋಟದಲ್ಲೇ ನೋಡಬಹುದು. ಕತ್ತಿ ಬೇಡ, ತೋಟಕ್ಕೆ ಬಳಸುವ ಮಚ್ಚು ಸಾಕು. ಗೊನೆ ಕಡಿದ ಮೇಲೆ ಉಳಿದ ಬಾಳೆದಿಂಡನ್ನು ನೆಲಕ್ಕೆ ಗಟ್ಟಿಯಾಗಿ ನಿಲ್ಲಿಸಿ. ಬರೀ ದಿಂಡಿಗೆ ಓರೆಯಾಗಿ ಒಂದು ಏಟು ಹಾಕಿ. ಸಲೀಸಾಗಿ ತುಂಡಾಗುತ್ತದೆ. ದಿಂಡಿನಲ್ಲಿರುವುದು ಬಹುಪಾಲು ನೀರು, ನಡುನಡುವೆ ಗಾಳಿಯ ಗೂಡು. ಬಾಯಿ ಮೊಂಡಾದ ಮಚ್ಚೂ ತೂಕದಿಂದಲೇ ಅದನ್ನು ದಾಟಿಬಿಡುತ್ತದೆ. ಬಾಳೆ ಕಡಿದ ಕತ್ತಿಯೆಲ್ಲ ಹರಿತ ಅಂದುಕೊಳ್ಳಬೇಡಿ ಅನ್ನುವುದು ಇದಕ್ಕೇ.

ಈಗ ಅಜ್ಜಿ ಹೊಲಿದ ಹಳೇ ಕೌದಿಯ ಒಂದು ತುಂಡು ಹುಡುಕಿ. ಹರಿದುಹೋಗಿ ಮೂಲೆ ಸೇರಿದ್ದು ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಇನ್ನೊಂದು ದಿಂಡಿಗೆ ಬಿಗಿಯಾಗಿ ಎರಡು ಸುತ್ತು ಸುತ್ತಿ ಹಗ್ಗದಿಂದ ಕಟ್ಟಿ. ಅದೇ ಮಚ್ಚು, ಅದೇ ಕೈ, ಅದೇ ಓರೆ. ಮೊಂಡು ಮಚ್ಚಾದರೆ ಬಟ್ಟೆಯಲ್ಲಿ ಒಂದು ಗೀರು ಬಿದ್ದು, ಒಳಗೆ ದಿಂಡು ಜಜ್ಜಿರುತ್ತದೆ, ಅಷ್ಟೇ. ಹತ್ತಿಯ ಎಳೆಗಳು ಏಟಿಗೆ ಬಾಗಿ, ಒತ್ತಿಕೊಂಡು, ಬಲವನ್ನು ಅಗಲಕ್ಕೆ ಹಂಚುತ್ತವೆ. ಕೌದಿಯ ಒತ್ತೊತ್ತು ಹೊಲಿಗೆ ಪದರಗಳು ಒಂದರ ಮೇಲೊಂದು ಜಾರದಂತೆ ಹಿಡಿದಿಡುತ್ತದೆ. ಹೊಲಿಯದ ಸೀರೆಯನ್ನು ಅಷ್ಟೇ ಪದರ ಸುತ್ತಿ ಹೋಲಿಸಿ ನೋಡಿ, ಹೊಲಿಗೆಯ ಬೆಲೆ ಗೊತ್ತಾಗುತ್ತದೆ. ಆಮೇಲೆ ಮಚ್ಚನ್ನು ಚೆನ್ನಾಗಿ ಮಸೆದು ಮತ್ತೆ ಹೊಡೆಯಿರಿ. ಈ ಸಲ ಬಡಿಯುವ ಬದಲು ತಾಗಿದ ಕ್ಷಣದಲ್ಲಿ ನಿಮ್ಮ ಕಡೆಗೆ ಸೆಳೆದುಕೊಳ್ಳಿ. ಎಷ್ಟು ಪದರ ಕತ್ತರಿಸಿತು ಅಂತ ಎಣಿಸಿ ಬರೆದಿಡಿ. ಸುತ್ತ ಯಾರೂ ಇರಬಾರದು, ಕಾಲಿಗೆ ಬೂಟು ಇರಲಿ.

ಬಾಗಿದ ತಲವಾರು ಯಾಕೆ ಹಾಗಿದೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಹಿಡಿಯ ತುದಿಗೆ ತಟ್ಟೆಯಂಥ ಬಿಲ್ಲೆ ಇರುತ್ತದಲ್ಲ, ಅದು ಮಣಿಕಟ್ಟನ್ನು ಹೆಚ್ಚು ಮುಂದಕ್ಕೆ ಬಾಗಲು ಬಿಡುವುದಿಲ್ಲ. ಭುಜದಿಂದ ಬೀಸಿ ಸೆಳೆಯುವುದೇ ಕೈಗೆ ಸಹಜವಾಗುತ್ತದೆ. ಕಠಾರಿಯ ದಾರಿ ಬೇರೆ. ಅದನ್ನು ಮುಷ್ಟಿಯಲ್ಲಿ ಅಡ್ಡ ಹಿಡಿಯುತ್ತಾರೆ. ಮುಂಗೈಯ ಪೂರ್ತಿ ಬಲ ನೇರವಾಗಿ ಮೊನೆಗೆ ಹೋಗುತ್ತದೆ. ಕೆಲವು ಕಠಾರಿಗಳ ಮೊನೆ ಬೇಕಂತಲೇ ದಪ್ಪ ಮಾಡಿರುತ್ತಾರೆ, ಸರಪಳಿ ಅಂಗಿಯ ಬಳೆಗಳನ್ನು ಸೀಳಲಿ ಅಂತ. ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಮ್ಯೂಸಿಯಮ್ಮಿಗೆ ಹೋದಾಗ ಆಯುಧಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಪ್ರತಿಯೊಂದರ ಹಿಡಿ ನೋಡಿ. ಅಲಗಿಗಿಂತ ಹಿಡಿಯೇ ಜಾಸ್ತಿ ಮಾತಾಡುತ್ತದೆ.

ಹರಿತದ ಬಗ್ಗೆ ಒಂದು ಹಳೇ ಸಾಕ್ಷಿ ಇದೆ. ಲೂಯಿಸ್ ನೋಲನ್ ಎಂಬ ಬ್ರಿಟಿಷ್ ಕುದುರೆ ಪಡೆಯ ಕ್ಯಾಪ್ಟನ್ 1853ರಲ್ಲಿ ಇದನ್ನು ಬರೆದ. ಹೈದರಾಬಾದ್ ನಿಜಾಮನ ಸವಾರರು ಒಂದು ಕಾಳಗದಲ್ಲಿ ಎದುರಾಳಿಗಳ ಕೈಕಾಲು ತುಂಡರಿಸಿದ್ದನ್ನು ಕೇಳಿ ಅವನಿಗೆ ಆಶ್ಚರ್ಯವಾಯಿತು. ಅಂಥ ಕತ್ತಿ ಎಲ್ಲಿಯದು ಅಂತ ವಿಚಾರಿಸಿದರೆ, ಅವು ಬ್ರಿಟಿಷ್ ಸೇನೆಯೇ ಬೇಡ ಅಂತ ಬಿಸಾಡಿದ ಅಲಗುಗಳು. ಸವಾರರು ಅವಕ್ಕೆ ನಮ್ಮ ಶೈಲಿಯ ಹಿಡಿ ಹಾಕಿಸಿ, ಕ್ಷೌರದ ಕತ್ತಿಯಷ್ಟು ಹರಿತ ಮಾಡಿ, ಮರದ ಒರೆಯಲ್ಲಿ ಇಟ್ಟುಕೊಂಡಿದ್ದರು. ಬ್ರಿಟಿಷರ ಉಕ್ಕಿನ ಒರೆಯಲ್ಲಿ ಅದೇ ಅಲಗು ಪ್ರತಿಸಲ ತಿಕ್ಕಿ ತಿಕ್ಕಿ ಮೊಂಡಾಗುತ್ತಿತ್ತು. ಲೋಹ ಒಂದೇ, ಒರೆ ಬೇರೆ, ಫಲಿತಾಂಶ ಬೇರೆ. ಈ ಒಂದು ಸಂಗತಿ ಹತ್ತು ಟಿವಿ ಪ್ರಯೋಗಕ್ಕೆ ಸಮ ಅಂತ ನನ್ನ ಅಭಿಪ್ರಾಯ.

ಕೈಯ ಲೆಕ್ಕ ಇನ್ನೂ ಕಷ್ಟ. ಒಬ್ಬನೇ ಮನುಷ್ಯ ಹತ್ತು ಸಲ ಹೊಡೆದರೆ ಹತ್ತೂ ಬೇರೆ. ಅದಕ್ಕೇ ಪೊಲೀಸರ ಇರಿತ ತಡೆಯುವ ಕವಚಗಳನ್ನು ಪರೀಕ್ಷಿಸುವಾಗ ಕೈಯನ್ನು ನಂಬುವುದಿಲ್ಲ. ಒಂದೇ ಅಚ್ಚಿನ ಅಲಗನ್ನು ಭಾರಕ್ಕೆ ಕಟ್ಟಿ ನಿಗದಿತ ಎತ್ತರದಿಂದ ಬೀಳಿಸುತ್ತಾರೆ. ಅಮೆರಿಕದ 2000ನೇ ಇಸವಿಯ ಮಾನದಂಡದಲ್ಲಿ ಮೂರು ಹಂತ ಇವೆ: 24, 33 ಮತ್ತು 43 ಜೂಲ್ (ಜೂಲ್ ಅಂದರೆ ಏಟಿನ ಶಕ್ತಿಯ ಅಳತೆ). ಆ ಏಟಿಗೆ ಮೊನೆ ಕವಚ ದಾಟಿ 7 ಮಿ.ಮೀ.ಗಿಂತ ಹೆಚ್ಚು ಇಣುಕಬಾರದು. ಹಾಗಂತ ಮನುಷ್ಯರ ಕೈಯನ್ನು ಅಳೆದೇ ಇಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಳಗಿನಿಂದ ಇರಿದಾಗ ಗರಿಷ್ಠ 64 ಜೂಲ್, ಮೇಲಿನಿಂದ ಇರಿದಾಗ 115 ಜೂಲ್ ಸಿಕ್ಕಿತ್ತು. ಎರಡೂ ಬೇಕು. ಎರಡು ಆಯುಧ ಹೋಲಿಸಲು ಯಂತ್ರ, ಮನುಷ್ಯನ ಮಿತಿ ತಿಳಿಯಲು ಕೈ.

ಇದೆಲ್ಲ ಮಾಡಿಯೂ ನಿಜವಾದ ಕಾಳಗದಲ್ಲಿ ಏನಾಗುತ್ತಿತ್ತು ಎಂಬುದನ್ನು ಕೊನೆಗೆ ಮೂಳೆಗಳೇ ಹೇಳಬೇಕು. ಸ್ವೀಡನ್ನಿನ ವಿಸ್ಬಿಯಲ್ಲಿ 1361ರ ಕಾಳಗದಲ್ಲಿ ಸತ್ತವರ ಸಾಮೂಹಿಕ ಗೋರಿ ಅಗೆದಾಗ ಮೊಣಕಾಲಿನ ಕೆಳಗೆ ಏಟು ಬಿದ್ದ ಮೂಳೆಗಳು ರಾಶಿ ಸಿಕ್ಕವು. ಇಂಗ್ಲೆಂಡಿನ ಟೌಟನ್ನಿನಲ್ಲಿ 1461ರ ಕಾಳಗದವರ ಗೋರಿ 1996ರಲ್ಲಿ ಸಿಕ್ಕಿತು. ಅಲ್ಲಿ ಏಟುಗಳೆಲ್ಲ ಹೆಚ್ಚಾಗಿ ತಲೆಗೆ. ಯಾವ ಪ್ರಯೋಗಾಲಯದಲ್ಲೂ ಇದನ್ನು ಊಹಿಸಲು ಆಗುತ್ತಿರಲಿಲ್ಲ.

ನಿಮ್ಮ ಕತ್ತಿಯ ಬಗ್ಗೆ ನಿರಾಸೆ ಬೇಡ. ಏನನ್ನೂ ಕಡಿಯದೆ ಅದರಿಂದ ತುಂಬ ತಿಳಿಯಬಹುದು. ಅಲಗಿಗೆ ದಪ್ಪ ಬಟ್ಟೆ ಸುತ್ತಿ ತೂಕ ನೋಡಿ. ಬೆರಳ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೂಕ ನಿಲ್ಲುತ್ತದೆ ಅಂತ ಗುರುತಿಸಿ. ಹಿಡಿಯ ಹತ್ತಿರ, ನಡುವೆ, ಮೊನೆಯ ಹತ್ತಿರ ಬೆನ್ನಿನ ದಪ್ಪವನ್ನು ವರ್ನಿಯರ್‌ನಿಂದ ಅಳೆಯಿರಿ. ಮೊನೆಯ ಕಡೆಗೆ ತೆಳುವಾಗುತ್ತಾ ಹೋಗಿದ್ದರೆ ಅದನ್ನು ಮಾಡಿದವನಿಗೆ ಕೆಲಸ ಗೊತ್ತಿತ್ತು.

ಆಮೇಲೆ ಇಂಜಿನಿಯರಿಂಗ್ ಹುಡುಗರಿಗೆ ಖುಷಿ ಕೊಡುವ ಅಳತೆ. ಹಿಡಿ ಮತ್ತು ಅಲಗು ಸೇರುವ ಕಡೆ ಗಿಡ್ಡ ದಾರ ಕಟ್ಟಿ, ಮೊನೆ ಕೆಳಗೆ ಮಾಡಿ ನೇತುಹಾಕಿ. ಕೆಳಗೆ ಹಾಸಿಗೆ ಹಾಕಿರಿ. ಲೋಲಕದ ಹಾಗೆ ಸಣ್ಣದಾಗಿ ತೂಗಲು ಬಿಟ್ಟು, ಹತ್ತು ಸಲ ಹೋಗಿ ಬರಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡಿ. 15 ಸೆಕೆಂಡ್ ಆಯಿತು ಅಂದುಕೊಳ್ಳಿ. ಒಂದಕ್ಕೆ 1.5 ಸೆಕೆಂಡ್. ಅದರ ವರ್ಗವನ್ನು 9.81ರಿಂದ ಗುಣಿಸಿ 39.5ರಿಂದ ಭಾಗಿಸಿದರೆ ಸುಮಾರು 0.56 ಮೀಟರ್. ದಾರ ಕಟ್ಟಿದ ಕಡೆಯಿಂದ 56 ಸೆಂ.ಮೀ. ಕೆಳಗಿನ ಆ ಜಾಗದಲ್ಲಿ ಏಟು ತಾಗಿದರೆ ಹಿಡಿದ ಕೈಗೆ ಜಗ್ಗು ಬರುವುದಿಲ್ಲ. ಅದಕ್ಕಿಂತ ಹಿಂದೆ ಮುಂದೆ ತಾಗಿದರೆ ಕೈ ಜುಂ ಅನ್ನುತ್ತದೆ. ಬಾಯಿಯ ಹಳೇ ಕಚ್ಚುಗಳು ಆ ಜಾಗದ ಆಸುಪಾಸಿನಲ್ಲಿ ಇವೆಯಾ, ಹಿಡಿಯ ಹತ್ತಿರ ಇವೆಯಾ ಅಂತ ನೋಡಿ. ಹಿಡಿಯ ಹತ್ತಿರದ್ದು ಬಹುಶಃ ತಡೆದ ಏಟು.

ಹೊಸ ಪ್ರತಿ ಮಾಡಿಸುವ ಯೋಚನೆ ಬಂದೇ ಬರುತ್ತದೆ. ಕಮ್ಮಾರರು ಲಾರಿಯ ಕಮಾನು ಪಟ್ಟಿಯಲ್ಲಿ ಚೆನ್ನಾಗಿಯೇ ಮಾಡಿಕೊಟ್ಟಾರು. ಆದರೆ ಆ ಉಕ್ಕಿನಲ್ಲಿ ಇಂಗಾಲ ಶೇ. 0.6ರ ಸುತ್ತಮುತ್ತ. ಆಕಾರ, ತೂಕ, ಸಮತೂಕದ ಬಗ್ಗೆ ಅದು ನಿಜ ಹೇಳುತ್ತದೆ, ಹಳೇ ಲೋಹದ ಬಗ್ಗೆ ಏನೂ ಹೇಳುವುದಿಲ್ಲ. ಜೊತೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಕತ್ತಿಗೂ ಅನ್ವಯಿಸುತ್ತದೆ. ಠಾಣೆಯಲ್ಲಿ ವಿಚಾರಿಸದೆ ಮಾಡಿಸಬೇಡಿ, ಹೊರಗೆ ತೆಗೆದುಕೊಂಡು ಓಡಾಡಬೇಡಿ. ಮನೆಯದು ನೂರು ವರ್ಷ ದಾಟಿದ್ದರೆ 1972ರ ಕಾಯ್ದೆಯ ಪ್ರಕಾರ ಅದು ಪ್ರಾಚೀನ ವಸ್ತು ಅನ್ನಿಸಿಕೊಳ್ಳುತ್ತದೆ. ಮಾರುವ ಮಾತು ಬಂದರೆ ಪುರಾತತ್ವ ಇಲಾಖೆಯವರನ್ನು ಕೇಳಿ.

ಇನ್ನು ಒನಕೆ. ನಿಮ್ಮ ಹಾಸ್ಟೆಲ್ಲಿನಲ್ಲಿ ಕತ್ತಿಗೂ ಒನಕೆಗೂ ಬಯಲಲ್ಲಿ ನಿಲ್ಲಿಸಿ ಪಂದ್ಯ ಕಟ್ಟಿರಬೇಕು. ಓಬವ್ವ ನಿಂತಿದ್ದು ಬಯಲಲ್ಲಿ ಅಲ್ಲ, ಕಿಂಡಿಯ ಬಾಯಲ್ಲಿ. ಹೈದರಾಲಿ ಚಿತ್ರದುರ್ಗಕ್ಕೆ ಮತ್ತೆ ಮತ್ತೆ ಮುತ್ತಿಗೆ ಹಾಕಿ 1779ರಲ್ಲಿ ಗೆದ್ದುಕೊಂಡ. ಆ ಮುತ್ತಿಗೆಗಳ ಕಾಲದ ಕಥೆ ಇದು. ಈಗಲೂ ಆ ಕಿಂಡಿಯಲ್ಲಿ ನುಸುಳಿ ನೋಡಬಹುದು. ಮೈ ಬಗ್ಗಿಸಬೇಕು, ಕೈಯನ್ನು ಬಂಡೆಗೆ ಊರಬೇಕು, ಮೊದಲು ತಲೆ ಹೊರಗೆ ಬರುತ್ತದೆ. ಆ ಹೊತ್ತಿನಲ್ಲಿ ಗುರಾಣಿ ಎತ್ತಲು ಆಗುವುದಿಲ್ಲ, ಕತ್ತಿ ಬೀಸಲು ಜಾಗ ಇಲ್ಲ, ಹಿಂದಿರುವವನಿಗೆ ಮುಂದೆ ಏನಾಯಿತು ಅಂತ ಕಾಣುವುದೂ ಇಲ್ಲ. ಎಷ್ಟು ಜನ ಬಂದರೂ ಒಂದು ಸಲಕ್ಕೆ ಒಬ್ಬನೇ.

ಈಗ ಮೇಲೆ ಹೇಳಿದ ಮೂರನ್ನೂ ಕೇಳಿ. ಬಟ್ಟೆ: ತಲೆಗೆ ಸುತ್ತಿದ ರುಮಾಲು ಕತ್ತಿಯ ಬಾಯನ್ನು ಚೆನ್ನಾಗಿ ತಡೆಯುತ್ತದೆ. ಒನಕೆಯ ಭಾರವನ್ನು ಸ್ವಲ್ಪ ಮೆತ್ತಗೆ ಮಾಡಬಹುದು, ನಿಲ್ಲಿಸಲಾರದು. ಉಳಿದ ಏಟು ಬಾಗಿದ ಕುತ್ತಿಗೆಗೆ ಹೋಗುತ್ತದೆ. ಕೈ: ಕತ್ತಿಯಲ್ಲಿ ಬಾಯಿ ಸ್ವಲ್ಪ ಓರೆಯಾದರೂ ಏಟು ಹಾಳು. ಒನಕೆಗೆ ಬಾಯಿಯೇ ಇಲ್ಲ. ದಿನಾ ಭತ್ತ, ರಾಗಿ ಕುಟ್ಟುತ್ತಿದ್ದ ಕೈಗೆ ಅದನ್ನು ಎತ್ತಿ ಒಂದೇ ಜಾಗಕ್ಕೆ ಇಳಿಸುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಗರಡಿಯಲ್ಲಿ ವರ್ಷಗಟ್ಟಲೆ ಸಾಮು ಮಾಡಿದವನ ಕೈಯೂ ಆ ಒಂದು ಏಟಿನ ಮಟ್ಟಿಗೆ ಅಷ್ಟು ಪಳಗಿರಲಾರದು. ಜಾಗ: ಅದನ್ನು ಹೇಳಿಯಾಯಿತು. ಆ ಕಿಂಡಿಯ ಪಕ್ಕದಲ್ಲಿ ನಿಲ್ಲುವವರಿಗೆ ಕಠಾರಿ, ತಲವಾರು, ಒನಕೆ ಮೂರನ್ನೂ ಮುಂದಿಟ್ಟರೆ ನಾನು ಒನಕೆಯನ್ನೇ ಆರಿಸುತ್ತೇನೆ.

ಇದನ್ನು ಅಳೆಯಲೂಬಹುದು, ಯಾರಿಗೂ ಗಾಯವಾಗದಂತೆ. ಕೆರೆಯ ಜೇಡಿಮಣ್ಣನ್ನು ಕಲ್ಲು ತೆಗೆದು, ಚೆನ್ನಾಗಿ ತುಳಿದು, ಒಂದು ಮರದ ಚೌಕಟ್ಟಿನಲ್ಲಿ ಒಂದು ಅಡಿ ದಪ್ಪ ತುಂಬಿ. ಮಣ್ಣಿನ ಹದ ಪ್ರತಿಸಲ ಒಂದೇ ಇರಬೇಕು. ಒಂದು ಕಬ್ಬಿಣದ ಗುಂಡನ್ನು 1 ಮೀಟರ್ ಎತ್ತರದಿಂದ ಬಿಟ್ಟು, ಬಿದ್ದ ಗುಂಡಿಯ ಆಳ ಒಂದೇ ಬರುತ್ತಿದೆಯಾ ಅಂತ ನೋಡಿಕೊಳ್ಳಿ. ಅಣಸು (ತುದಿಯ ಕಬ್ಬಿಣದ ಬಳೆ) ಹಾಕಿದ ಒನಕೆ ಇದ್ದರೆ ಒಳ್ಳೆಯದು. ಅದು 3 ಕೆ.ಜಿ. ಇದೆ ಅನ್ನೋಣ. ನೇರವಾಗಿ ಬೀಳಲು ಪಿವಿಸಿ ಪೈಪಿನೊಳಗಿಂದ ಬಿಡಿ. ಅರ್ಧ ಮೀಟರಿನಿಂದ ಬಿಟ್ಟರೆ ಸುಮಾರು 15 ಜೂಲ್, 1 ಮೀಟರಿನಿಂದ 29, 2 ಮೀಟರಿನಿಂದ 59. ಪ್ರತಿ ಎತ್ತರಕ್ಕೂ ಗುಂಡಿಯ ಆಳ ಬರೆದುಕೊಳ್ಳಿ. ಆಮೇಲೆ ಊರಿನಲ್ಲಿ ಕುಟ್ಟಿ ಅಭ್ಯಾಸ ಇರುವ ಅಮ್ಮನೋ ಅಜ್ಜಿಯೋ ಒಬ್ಬರನ್ನು ಕರೆದು, ಅದೇ ಮಣ್ಣಿನ ಮೇಲೆ ಅದೇ ಒನಕೆಯಿಂದ ಜೋರಾಗಿ ಒಂದು ಏಟು ಕುಟ್ಟಲು ಹೇಳಿ. ಅವರ ಗುಂಡಿಯ ಆಳ ಯಾವ ಎತ್ತರದ ಗುಂಡಿಗೆ ಹೊಂದುತ್ತದೋ ಅಷ್ಟು ಜೂಲ್ ಅವರ ಕೈಯದು. ನಿಮ್ಮ ಹಾಸ್ಟೆಲ್ಲಿನ ಹುಡುಗರೂ ಕುಟ್ಟಲಿ.

ಒಂದು ಎಚ್ಚರಿಕೆ. ಈ ಜೂಲ್ ಲೆಕ್ಕವನ್ನು ಮೇಲಿನ ಇರಿತದ ಲೆಕ್ಕದ ಪಕ್ಕ ಇಟ್ಟು ಯಾವುದು ದೊಡ್ಡದು ಅಂತ ನೋಡಬೇಡಿ. ಮೊನೆಯ ಬಲ ಒಂದು ಚುಕ್ಕಿಯ ಮೇಲೆ ಬೀಳುತ್ತದೆ, ಒನಕೆಯದು ಅಂಗೈ ಅಗಲದ ಮೇಲೆ. ಒನಕೆಯನ್ನು ಒನಕೆಯ ಜೊತೆ, ಕೈಯನ್ನು ಕೈಯ ಜೊತೆ ಮಾತ್ರ ಹೋಲಿಸಿ. ಒನಕೆಯ ತೂಕ, ಉದ್ದ, ಬಿಟ್ಟ ಎತ್ತರ, ಗುಂಡಿಯ ಆಳ ಈ ನಾಲ್ಕನ್ನೂ ಬರೆದು ಕಳಿಸಿದರೆ ಲೆಕ್ಕವನ್ನು ನಿಮ್ಮ ಜೊತೆ ಕೂತು ನೋಡುತ್ತೇನೆ.